ವ್ಯಾಪ್ತಿ ಪ್ರದೇಶದ ಹೊರಗೆ

ನಮ್ಮ ಮನೆಯ ಜಗಲಿ ಕರ್ನಾಟಕದಲ್ಲಿತ್ತು, ಅಡುಗೆಮನೆ ಕೇರಳದಲ್ಲಿ. ಕಂದಾಯ ಇಲಾಖೆಯ ದಾಖಲೆಯಲ್ಲಿ ಹಾಗಿಲ್ಲ. ಮನೆ ಇಡಿಯಾಗಿ ತಲಪಾಡಿಯ ಈಚೆಗೇ ಇದೆ, ತೆರಿಗೆ ಕಟ್ಟುವುದೂ ಇಲ್ಲಿಯ ಪಂಚಾಯತಿಗೇ. ನಾನು ಹೇಳುತ್ತಿರುವುದು ಮೊಬೈಲ್ ಫೋನಿನ ಗಡಿಯ ವಿಷಯ. 2005ರಲ್ಲಿ ಕೊಂಡ ನನ್ನ ನೋಕಿಯಾ 1100, ಜಗಲಿಯಲ್ಲಿ ಕೂತರೆ ಮಂಗಳೂರು ಕಡೆಯ ಟವರನ್ನು ಹಿಡಿಯುತ್ತಿತ್ತು. ಚಹಾಕ್ಕೆಂದು ಒಳಗೆ ಹೋದರೆ ಪರದೆಯ ಮೇಲಿನ ಹೆಸರು ಬದಲಾಗುತ್ತಿತ್ತು. ಕುಂಜತ್ತೂರು ಕಡೆಯ ಯಾವುದೋ ಟವರು ನನ್ನನ್ನು ಹೇಳದೆ ಕೇಳದೆ ಗಡಿ ದಾಟಿಸಿಬಿಡುತ್ತಿತ್ತು.

ಇದರಲ್ಲೇನು ಕಷ್ಟ ಎಂದು ಇಂದಿನ ಮಕ್ಕಳು ಕೇಳುತ್ತಾರೆ. ಆಗ ಮೊಬೈಲಿನ ಮಟ್ಟಿಗೆ ದೇಶವನ್ನು ಸರ್ಕಲ್‌ಗಳಾಗಿ ಹಂಚಿದ್ದರು. ಕರ್ನಾಟಕ ಒಂದು ಸರ್ಕಲ್, ಕೇರಳ ಇನ್ನೊಂದು. ಗೋವಾ ಮಹಾರಾಷ್ಟ್ರದೊಂದಿಗೆ, ಮುಂಬೈ ಮಾತ್ರ ಬೇರೆ. 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಯಿತು, ನಿಜ. ಆದರೆ ಅದು ನಮ್ಮ ಸರ್ಕಲ್ಲಿನ ಒಳಗಿದ್ದರೆ ಮಾತ್ರ. ಹೊರಗೆ ಕಾಲಿಟ್ಟರೆ ರೋಮಿಂಗ್. 2007ರ ಫೆಬ್ರವರಿಯಲ್ಲಿ ಟ್ರಾಯ್ ಈ ದರಗಳನ್ನು ಇಳಿಸಿದ ಮೇಲೂ, ರೋಮಿಂಗಿನಲ್ಲಿ ಬರುವ ಕರೆಗೆ ನಿಮಿಷಕ್ಕೆ 1 ರೂಪಾಯಿ 75 ಪೈಸೆಯವರೆಗೆ ಕೊಡಬೇಕಾಗಿತ್ತು. ನಾವು ಮಾಡುವ ಸ್ಥಳೀಯ ಕರೆಗಿಂತ ನಮಗೆ ಬರುವ ಕರೆಯೇ ದುಬಾರಿ! ಪ್ರೀಪೇಯ್ಡ್ ಸಿಮ್ಮಿನವರಿಗೆ ಬ್ಯಾಲೆನ್ಸ್ ಮುಗಿದರೆ ಬರುವ ಕರೆಯೂ ಬರುತ್ತಿರಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರಿದ್ದರು. ಶಾಲೆಯಲ್ಲಿ ಇಡೀ ದಿನ ಜೊತೆಗಿದ್ದರೂ ಅವರಿಗೆ ರಾತ್ರಿ ಒಂಬತ್ತರ ಮೇಲೆ ಮಾತು ನೆನಪಾಗುತ್ತಿತ್ತು. ಅವರು ಹತ್ತು ನಿಮಿಷ ಮಾತಾಡಿದರೆ, ನಾನು ಒಲೆಯ ಪಕ್ಕದಲ್ಲಿ ನಿಂತಿದ್ದ ತಪ್ಪಿಗೆ ಹದಿನೇಳೂವರೆ ರೂಪಾಯಿ ಹೋಗುತ್ತಿತ್ತು.

ಮದ್ದು ಹೇಳಿಕೊಟ್ಟವನು ತಲಪಾಡಿಯಲ್ಲಿ ರೀಚಾರ್ಜ್ ಅಂಗಡಿ ಇಟ್ಟಿದ್ದ ಹುಡುಗ. ಮೆನು ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಫೋನ್ ಸೆಟ್ಟಿಂಗ್ಸ್‌ನ ಒಳಗೆ ನೆಟ್‌ವರ್ಕ್ ಸೆಲೆಕ್ಷನ್ ಎಂಬಲ್ಲಿ 'ಆಟೋಮ್ಯಾಟಿಕ್' ತೆಗೆದು 'ಮ್ಯಾನ್ಯುವಲ್' ಮಾಡಬೇಕು. ಫೋನು ಸ್ವಲ್ಪ ಹೊತ್ತು ಹುಡುಕಿ, ಗಾಳಿಯಲ್ಲಿರುವ ಟವರುಗಳ ಹೆಸರುಗಳನ್ನೆಲ್ಲ ಸಾಲಾಗಿ ತೋರಿಸುತ್ತದೆ. ಅದರಲ್ಲಿ ನಮ್ಮದನ್ನು ಆರಿಸಿದರೆ ಆಯಿತು. ಮತ್ತೆ ಅದು ಬೇರೆ ಟವರಿನ ಮುಖ ನೋಡುವುದಿಲ್ಲ. ಆಟೋಮ್ಯಾಟಿಕ್‌ನಲ್ಲಿ ಬಿಟ್ಟರೆ ಏನಾಗುತ್ತದೆಂಬುದು ಆಮೇಲೆ ನನಗೆ ತಿಳಿಯಿತು. ನಮ್ಮ ಟವರಿನ ಸಿಗ್ನಲ್ ಒಂದು ಗಳಿಗೆ ತಪ್ಪಿದರೆ ಸಾಕು, ಫೋನು ಸಿಕ್ಕ ಟವರಿಗೆ ಅಂಟಿಕೊಳ್ಳುತ್ತದೆ. ನಾವು ಜಗಲಿಗೆ ಮರಳಿದ ಕೂಡಲೇ ಅದು ಮರಳುವುದಿಲ್ಲ. ತವರಿನ ಟವರನ್ನು ಎಷ್ಟು ಹೊತ್ತಿಗೊಮ್ಮೆ ಹುಡುಕಬೇಕೆಂದು ಸಿಮ್ಮಿನಲ್ಲೇ ಬರೆದಿರುತ್ತದೆ, ಆರು ನಿಮಿಷಗಳ ಲೆಕ್ಕದಲ್ಲಿ. ಕೆಲವು ಸಿಮ್ಮುಗಳಲ್ಲಿ ಅದು ಒಂದು ಗಂಟೆಯೂ ಇರಬಹುದು. ಅಷ್ಟರವರೆಗೆ ನಾವು ನಮ್ಮದೇ ಜಗಲಿಯಲ್ಲಿ ಪರದೇಶಿಗಳು.

ಈ ವಿದ್ಯೆ ಕೈಗೆ ಬಂದ ಮೇಲೆ ನಾನು ಊರಿನ ಸೆಟ್ಟಿಂಗ್ ಮಾಸ್ತರನಾದೆ. ಮೀನು ಮಾರುವವರು, ಬೀಡಿ ಕಟ್ಟುವ ಹೆಂಗಸರು, ಮಂಜೇಶ್ವರದಲ್ಲಿದ್ದುಕೊಂಡು ಮಂಗಳೂರಿನ ಸಿಮ್ಮು ಇಟ್ಟುಕೊಂಡವರು, ಎಲ್ಲರೂ ಫೋನು ಹಿಡಿದು ಬರುತ್ತಿದ್ದರು. ಪಕ್ಕದ ಓಣಿಯ ಮುದುಕಿಯೊಬ್ಬರಿಗೆ ಪ್ರತಿ ಶುಕ್ರವಾರ ದಮಾಮಿನಿಂದ ಮಗನ ಫೋನು. ಅವನೂ ದುಡ್ಡು ಕೊಟ್ಟು, ಇವರೂ ಕೊಟ್ಟು ಮಾತಾಡುತ್ತಿದ್ದರು. ಅವರ ಫೋನನ್ನು ಮ್ಯಾನ್ಯುವಲ್ ಮಾಡಿಕೊಟ್ಟ ದಿನ ಒಂದು ಹಲಸಿನ ಹಣ್ಣು ಮನೆಗೆ ಬಂತು. 1956ರ ರಾಜ್ಯ ವಿಂಗಡಣೆಯಲ್ಲಿ ಕಾಸರಗೋಡು ಆಚೆ ಸೇರಿದ ನೋವು ಈ ಕಡೆಯ ಕನ್ನಡಿಗರಿಗೆ ಹಳೆಯದು. ನಾಯಕರಿಗೆ ಆಗದ್ದನ್ನು ನಾನು ಎರಡು ಗುಂಡಿ ಒತ್ತಿ ಮಾಡುತ್ತೇನೆ ಎಂದು ಅಂಗಡಿಯ ಬೆಂಚಿನಲ್ಲಿ ಕೂತು ತಮಾಷೆ ಮಾಡುತ್ತಿದ್ದೆ.

ಆದರೆ ಮ್ಯಾನ್ಯುವಲ್ ಸೆಟ್ಟಿಂಗಿಗೆ ಇನ್ನೊಂದು ಮಗ್ಗುಲಿದೆ. ಆರಿಸಿದ ಟವರಿನ ವ್ಯಾಪ್ತಿ ದಾಟಿದರೆ ಫೋನು ಬರೀ ಟಾರ್ಚು. ಸುತ್ತ ಹತ್ತು ಟವರಿದ್ದರೂ ಅದು ಯಾವುದನ್ನೂ ಹಿಡಿಯುವುದಿಲ್ಲ. ಇದನ್ನು ನಾನು ಎಲ್ಲರಿಗೂ ಎಚ್ಚರಿಸಿಯೇ ಫೋನು ಮರಳಿಸುತ್ತಿದ್ದೆ: "ಗಡಿ ದಾಟುವಾಗ ಆಟೋಮ್ಯಾಟಿಕ್ ಮಾಡಿಕೊಳ್ಳಿ."

2008ರ ಜುಲೈಯಲ್ಲಿ ಒಂದು ಸಂಜೆ ಉಪ್ಪಳದ ಅಕ್ಕನ ಮನೆಗೆ ಹೋದೆ. ಭಾವ ಗಲ್ಫಿನಲ್ಲಿದ್ದರು, ಜಮೀನಿನ ಕಾಗದವೊಂದರ ಕೆಲಸವಿತ್ತು. ಜಡಿಮಳೆ. ಅಲ್ಲೇ ಉಳಿದೆ. ಅಕ್ಕನ ಮನೆಯ ಲ್ಯಾಂಡ್‌ಲೈನ್ ಮೂರು ದಿನದಿಂದ ಸತ್ತುಬಿದ್ದಿತ್ತು.

ಆ ರಾತ್ರಿ ಹತ್ತರ ಹೊತ್ತಿಗೆ ನಮ್ಮ ಮನೆಯಲ್ಲಿ ಉಮ್ಮನ ಬಲಗೈಯಿಂದ ನೀರಿನ ಲೋಟ ಜಾರಿತು. ನಾಲಗೆ ತೊದಲತೊಡಗಿತು. "ಅವನಿಗೆ ಫೋನು ಮಾಡು" ಎಂದರಂತೆ. ಮಡದಿ ಮನೆಯ ಲ್ಯಾಂಡ್‌ಲೈನಿನಿಂದ ನನ್ನ ಮೊಬೈಲಿಗೆ ಮಾಡಿದಳು. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ದನಿ. ಮತ್ತೆ ಮಾಡಿದಳು. ಅದೇ ದನಿ. ಉಮ್ಮ ಹಟ ಹಿಡಿದಾಗ ರಿಸೀವರನ್ನು ಅವರ ಕಿವಿಗೇ ಹಿಡಿದಳು. ಉಮ್ಮ ಸ್ವಲ್ಪ ಹೊತ್ತು ಕೇಳಿ ಹೇಳಿದರಂತೆ, "ಯಾರೋ ಹೆಂಗಸು ಎತ್ತಿದ್ದಾಳೆ. ಅವನ ಕೈಗೆ ಕೊಡಲು ಹೇಳು."

ಪಕ್ಕದ ಮನೆಯ ರಿಕ್ಷಾದವರು ಆ ಮಳೆಯಲ್ಲೇ ದೇರಳಕಟ್ಟೆಯ ಆಸ್ಪತ್ರೆಗೆ ಮುಟ್ಟಿಸಿದರು. ನಸುಕಿನಲ್ಲಿ ಅವರ ತಮ್ಮ ಬೈಕಿನಲ್ಲಿ ಉಪ್ಪಳಕ್ಕೆ ಬಂದು ಬಾಗಿಲು ತಟ್ಟಿದಾಗಲೇ ನನಗೆ ಸುದ್ದಿ. ಜೀವ ಉಳಿಯಿತು. ಮಾತು ಮರಳಲಿಲ್ಲ. 2010ರಲ್ಲಿ ತೀರಿಕೊಳ್ಳುವವರೆಗೆ ಉಮ್ಮ ಕಣ್ಣಿನಲ್ಲಿ, ಎಡಗೈಯಲ್ಲಿ ಮಾತಾಡಿದರು. ಕೊನೆಯದಾಗಿ ಸರಿಯಾಗಿ ಆಡಿದ ಮಾತು ಆ ರೆಕಾರ್ಡಿನ ಹೆಂಗಸಿನ ಬಗ್ಗೆ.

"ಸೆಟ್ಟಿಂಗ್ ಬದಲಿಸಲು ಮರೆತೆ" ಎಂದು ನಾನು ಎಲ್ಲರಿಗೂ ಹೇಳಿದೆ. ಜನ ನಂಬಿದರು, ಸಮಾಧಾನವನ್ನೂ ಹೇಳಿದರು. ಊರಿಗೆಲ್ಲ ಮಾಡಿಕೊಡುವವನಿಗೆ ತನ್ನದು ಮರೆತುಹೋಯಿತು, ಪಾಪ, ಎಂದರು. ನಾನು ಮರೆತಿರಲಿಲ್ಲ. ಬಸ್ಸು ತಲಪಾಡಿ ಚೆಕ್‌ಪೋಸ್ಟಿನಲ್ಲಿ ನಿಂತಾಗ ಫೋನು ಕೈಯಲ್ಲೇ ಇತ್ತು. ಸಂಬಳಕ್ಕೆ ಇನ್ನೂ ದಿನವಿತ್ತು, ಸಹೋದ್ಯೋಗಿ ರಾತ್ರಿ ಖಂಡಿತ ಮಾಡುತ್ತಾರೆ. ಎತ್ತಿದರೆ ದುಡ್ಡು ಹೋಗುತ್ತದೆ, ಎತ್ತದಿದ್ದರೆ ಮರುದಿನ ಮುನಿಸು. ವ್ಯಾಪ್ತಿಯ ಹೊರಗಿದ್ದೆ ಎಂದರೆ ಯಾರಿಗೂ ಬೇಸರವಿಲ್ಲ. ಒಂದು ರಾತ್ರಿಗೆ ಏನಾದೀತು ಎಂದುಕೊಂಡು ಫೋನನ್ನು ಜೇಬಿಗಿಳಿಸಿದೆ.

ಆಸ್ಪತ್ರೆಯ ವರಾಂಡದಲ್ಲಿ ಕೂತು ಅದನ್ನು ಆಟೋಮ್ಯಾಟಿಕ್ ಮಾಡಿದವನು ಆಮೇಲೆ ಬದಲಿಸಲಿಲ್ಲ. ಅಡುಗೆಮನೆಯ ಕೇರಳಕ್ಕೆ ವರ್ಷಗಟ್ಟಲೆ ಸುಂಕ ಕಟ್ಟಿದೆ. ದರ 2013ರ ಜುಲೈಯಲ್ಲಿ ನಿಮಿಷಕ್ಕೆ 75 ಪೈಸೆಗೆ ಇಳಿಯಿತು, 2015ರ ಮೇಯಲ್ಲಿ 45 ಪೈಸೆಗೆ. ಅನಂತರದ ಒಂದೆರಡು ವರ್ಷಗಳಲ್ಲಿ ದೇಶದೊಳಗಿನ ರೋಮಿಂಗಿನಲ್ಲಿ ಬರುವ ಕರೆಗೆ ದುಡ್ಡು ಕೊಡುವ ಪದ್ಧತಿಯೇ ಹೋಯಿತು. ಈಗ ಕುಂಜತ್ತೂರಿನ ಟವರು ಹಿಡಿದರೂ ಒಂದೇ, ಕೋಟೆಕಾರಿನದಾದರೂ ಒಂದೇ.

ಸೆಟ್ಟಿಂಗ್ ಮಾಸ್ತರಿಕೆ ಪೂರ್ತಿ ತಪ್ಪಿಲ್ಲ. ಗಲ್ಫಿನ ಮಕ್ಕಳ ಬಳಿಗೆ ಹೋಗುವ ಹಿರಿಯರು ಈಗಲೂ ಹಳೆಯ ಗುಂಡಿಯ ಫೋನು ತಂದು ಮುಂದಿಡುತ್ತಾರೆ. ಹೊರಡುವ ಮುಂಚೆ ##002# ಒತ್ತಿ ಕಾಲ್ ಡೈವರ್ಟುಗಳನ್ನೆಲ್ಲ ತೆಗೆಸುತ್ತೇನೆ. ಇಲ್ಲದಿದ್ದರೆ ಅಲ್ಲಿ ಎತ್ತದ ಕರೆ ಇಲ್ಲಿಗೇ ತಿರುಗಿ, ಹೋದದ್ದಕ್ಕೂ ಬಂದದ್ದಕ್ಕೂ ಬಿಲ್ಲು ಬೀಳಬಹುದು. ನಂಬರುಗಳ ಮುಂದೆಲ್ಲ +91 ಸೇರಿಸಿಕೊಡುತ್ತೇನೆ, ಯಾವ ದೇಶದಲ್ಲಿ ಒತ್ತಿದರೂ ಮನೆಗೇ ತಾಗುವಂತೆ. ಆ ದೇಶದಲ್ಲಿ 2ಜಿ ಉಳಿದಿದೆಯೇ ಎಂದು ವಿಚಾರಿಸಿಕೊಳ್ಳಲು ಹೇಳುತ್ತೇನೆ. ಸಿಂಗಾಪುರದವರು 2017ರಲ್ಲೇ ಅದನ್ನು ಮುಚ್ಚಿದರು, ಅಲ್ಲಿ ಹಳೆಯ 1100 ಮತ್ತೆ ಬರೀ ಟಾರ್ಚು. ಕೊನೆಗೆ ನೆಟ್‌ವರ್ಕ್ ಸೆಲೆಕ್ಷನ್ ತೆರೆದು ಆಟೋಮ್ಯಾಟಿಕ್ ಇದೆಯೇ ಎಂದು ಎರಡೆರಡು ಸಲ ನೋಡುತ್ತೇನೆ. ಅಷ್ಟೇಕೆ ನೋಡುತ್ತೇನೆಂದು ಯಾರೂ ಕೇಳಿಲ್ಲ.

ಈ ಬರಹವನ್ನು ಕಳಿಸುವ ಮುಂಚೆ ಮಡದಿಗೆ ಓದಲು ಕೊಟ್ಟೆ. ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಓದಿ ಮುಗಿಸಿ ಕಾಗದಗಳನ್ನು ಸರಿಯಾಗಿ ಜೋಡಿಸಿದಳು.

"ಅವತ್ತು ಬ್ಯಾಲೆನ್ಸ್ ಎಷ್ಟಿತ್ತು?" ಎಂದಳು.

"ಇಪ್ಪತ್ತಮೂರು ರೂಪಾಯಿ."

ಅವಳು ಎದ್ದು ಅಡುಗೆಮನೆಗೆ ಹೋದಳು.