ಕಾಮತರ ಬಸ್ತರ್, ನಮ್ಮ ವೆಸ್ಟ್‌ಮಂಟ್

ಊರಿಂದ ಬಂದ ನಮ್ಮ ರೂಮ್‌ಮೇಟ್ ಚಟ್ನಿಪುಡಿ ಜೊತೆ ಕೃಷ್ಣಾನಂದ ಕಾಮತರ ಬಸ್ತರ್ ಪ್ರವಾಸದ ಪುಸ್ತಕವನ್ನೂ ತಂದಿದ್ದ. ಹೊನ್ನಾವರದ ಕಾಮತರೂ ನಮ್ಮ ಹಾಗೇ ಅಮೆರಿಕಕ್ಕೆ ಓದಲು ಬಂದವರು. ಸಿರಾಕ್ಯೂಸಿನಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಹೋದರು. ಆಮೇಲೆ ಕ್ಯಾಮೆರಾ ಹಿಡಿದು ಬಸ್ತರಿನ ಕಾಡು ಸುತ್ತಿ, ಆದಿವಾಸಿಗಳ ಜೊತೆ ಬೆರೆತು ಬರೆದರು, ರೇಖಾಚಿತ್ರಗಳನ್ನೂ ಬಿಡಿಸುತ್ತಿದ್ದರು.

ಅಡುಗೆಮನೆಯಲ್ಲಿ ಸರದಿ ಮೇಲೆ ಜೋರಾಗಿ ಓದ್ತಾ ಇದ್ವಿ. ನಡುವೆ ಒಬ್ಬಳು ಕೇಳಿದಳು, "ಅಲ್ಲ ಕಣ್ರೋ, ಇಲ್ಲಿ ಮೊದಲು ಯಾರಿದ್ರು?"

ಎರಡು ವರ್ಷದಿಂದ ವೆಸ್ಟ್‌ಮಂಟ್‌ನಲ್ಲಿದ್ದೀವಿ, ರೈಲಿನ ಟೈಮಿಂಗೆಲ್ಲ ಬಾಯಿಪಾಠ. ಇದಕ್ಕೆ ಮಾತ್ರ ಉತ್ತರ ಗೊತ್ತಿರಲಿಲ್ಲ. ಹುಡುಕಿದೆವು: ಪೊಟವಾಟಮಿ ಜನ. 1833ರ ಶಿಕಾಗೊ ಒಪ್ಪಂದದ ನಂತರ ಅವರಲ್ಲಿ ಹೆಚ್ಚಿನವರನ್ನು ಮಿಸ್ಸಿಸ್ಸಿಪ್ಪಿ ನದಿಯ ಆಚೆಗೆ ಸಾಗಹಾಕಿದರು. ಶಿಕಾಗೊದಲ್ಲಿ ಪೊಟವಾಟಮಿಗಳು ಈಗಲೂ ಇದ್ದಾರೆ. ನಾವು ಒಬ್ಬರನ್ನೂ ಮಾತಾಡಿಸಿಲ್ಲ. ಕಾಮತರಾಗಿದ್ದರೆ ಬಂದ ವಾರವೇ ಹೋಗಿ ಕೂತಿರುತ್ತಿದ್ದರು.