ಎದುರಿಗೆ ಶಾಲು, ಹಿಂದೆ ಶಾಪ

ಪ್ರತಿ ಡಿಸೆಂಬರಿನಲ್ಲಿ ನಮ್ಮ ಸಭೆಯವರು ದೇವಾಲಯದ ಅಂಗಳದಲ್ಲಿ ಪೆಂಡಾಲ್ ಹಾಕಿಸಿ ಊರಿನವರನ್ನೆಲ್ಲ ಕ್ರಿಸ್ಮಸ್ ಸಮಾರಂಭಕ್ಕೆ ಕರೆಯುತ್ತಾರೆ. ಮಠದ ಸ್ವಾಮಿಗಳು ಬರುತ್ತಾರೆ, ಜಮಾತಿನ ಹಿರಿಯರು ಬರುತ್ತಾರೆ, ಶಾಸಕರು ತಡವಾಗಿಯಾದರೂ ಬಂದೇ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಸಂಜೆ ಶಾಸಕರನ್ನು ಸನ್ಮಾನಿಸುವ ಕೆಲಸ ಸಭಾಪಾಲಕನಾದ ನನ್ನ ಪಾಲಿಗೆ ಬಂತು. ಶಾಲು ಹೊದಿಸಿದೆ, ಹಾರ ಹಾಕಿದೆ, ಹಣ್ಣಿನ ಬುಟ್ಟಿ ಕೊಟ್ಟೆ. ಮೈಕಿನ ಮುಂದೆ ನಿಂತು ಅವರನ್ನು ಬಡವರ ಬಂಧು ಎಂದು ಕರೆದೆ.

ಹಾಗೆ ಕರೆಯುವಾಗ ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿಯ ಮುಖ ಕಣ್ಣಿಗೆ ಬಿತ್ತು. ಅದೇ ಆಗಸ್ಟಿನಲ್ಲಿ ಅವರ ಗಂಡನನ್ನು ಮಣ್ಣು ಮಾಡಿದ್ದೆವು. ನಮ್ಮ ಸ್ಮಶಾನ ಹಳ್ಳದ ಆಚೆ ಇದೆ. ಅಲ್ಲಿಗೆ ಹೋಗುವುದು ಎರೆಮಣ್ಣಿನ ದಾರಿ. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು. ಹೆಜ್ಜೆ ಹೆಜ್ಜೆಗೂ ಮಣ್ಣು ಕಾಲಿಗೆ ಹತ್ತಿ ಚಪ್ಪಲಿ ಅಲ್ಲೇ ಉಳಿಯುತ್ತದೆ. ಆವತ್ತು ಮುಂದೆ ಹೊತ್ತಿದ್ದ ಹುಡುಗ ಜಾರಿ ಮೊಣಕಾಲೂರಿದ. ಪೆಟ್ಟಿಗೆಯ ಮೂಲೆ ಕೆಸರಿಗೆ ಬಿತ್ತು. ಹಿಂದೆ ಬರುತ್ತಿದ್ದ ಆ ತಾಯಿ ಅಳುವುದನ್ನು ನಿಲ್ಲಿಸಿ, ಮುಚ್ಚಳದ ಮೇಲಿನ ಶಿಲುಬೆಗೆ ಸಿಡಿದಿದ್ದ ಕೆಸರನ್ನು ಸೆರಗಿನಿಂದ ಒರೆಸಿದರು. ಆ ದಾರಿಗೆ ರಸ್ತೆ ಮಾಡಿಸಿ ಕೊಡುತ್ತೇನೆಂದು ಶಾಸಕರು ಎರಡು ಚುನಾವಣೆಗಳಲ್ಲಿ ಮಾತು ಕೊಟ್ಟಿದ್ದರು. ಪೌರಕಾರ್ಮಿಕರ ಓಣಿಗೂ ಅದೇ ದಾರಿ, ಖಬರಸ್ತಾನಕ್ಕೂ ಅದೇ ದಾರಿ.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಸಿಟ್ಟೆಲ್ಲ ಹೊರಗೆ ಬಂತು. ರೊಟ್ಟಿ ಮುರಿಯುತ್ತ ಶಾಸಕರನ್ನು ಬಾಯಿಗೆ ಬಂದಂತೆ ಬೈದೆ. ನನ್ನ ಹೆಂಡತಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ, "ಅಲ್ರೀ, ಎದುರಿಗೆ ಶಾಲು ಹೊಚ್ಚತೀರಿ, ಹಿಂದ ಕುಂತು ಶಾಪ ಹಾಕತೀರಿ. ಇದರಾಗ ಖರೇ ಯಾವುದು?" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಎರಡೂ ಸುಳ್ಳಾಗಿದ್ದವು.

ಆರಾಧನೆಯಲ್ಲಿ ವಿಜ್ಞಾಪನಾ ಪ್ರಾರ್ಥನೆಯ ಹೊತ್ತಿಗೆ ನಾನು ಒಂದು ನೋಟ್‌ಬುಕ್ ಹಿಡಿಯುತ್ತೇನೆ. ಕಾಯಿಲೆ ಬಿದ್ದವರು, ಪರೀಕ್ಷೆಗೆ ಕೂತ ಮಕ್ಕಳು, ದುಡಿಯಲು ಗೋವಾಕ್ಕೆ ಹೋದವರು, ಎಲ್ಲರ ಹೆಸರೂ ಅದರಲ್ಲಿವೆ. ಒಂದು ಪುಟ ಆಳುವವರಿಗೆ ಮೀಸಲು: ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿ, ನಮ್ಮ ಸಂಸದರು, ಶಾಸಕರು. ಸರ್ಕಾರಗಳು ಬದಲಾಗುತ್ತವೆಂದು ಆ ಪುಟದಲ್ಲಿ ಹೆಸರುಗಳನ್ನು ಸೀಸದಕಡ್ಡಿಯಿಂದ ಬರೆಯುತ್ತೇನೆ. ಮುಖ್ಯಮಂತ್ರಿಯ ಹೆಸರಿರುವ ಸಾಲಿನಲ್ಲಿ ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಆಚೆ ಪುಟದ ಅಕ್ಷರ ಕಾಣುತ್ತದೆ.

ಈ ಪುಟವನ್ನು ಓದಿದ ಭಾನುವಾರಗಳಲ್ಲಿ ಹೊರಗೆ ಬೇವಿನ ಗಿಡದ ಕೆಳಗೆ ಇಬ್ಬರಲ್ಲೊಬ್ಬರು ನನ್ನನ್ನು ತಡೆದು ನಿಲ್ಲಿಸುತ್ತಾರೆ. ಒಬ್ಬರು, "ಅಂಥವರಿಗೂ ಯಾಕ ಪ್ರಾರ್ಥನಾ ಮಾಡತೀರಿ ಅಯ್ಯನವರ?" ಎನ್ನುತ್ತಾರೆ. ಪ್ರಸಂಗದಲ್ಲಿ ಸರ್ಕಾರದ ಒಂದು ತಪ್ಪನ್ನು ಎತ್ತಿದ್ದರೆ ಇನ್ನೊಬ್ಬರು, "ದೇವಾಲಯದಾಗ ರಾಜಕೀಯ ಯಾಕ?" ಎನ್ನುತ್ತಾರೆ. ಇಬ್ಬರ ಬಾಯಲ್ಲೂ ಸತ್ಯವೇದದ ವಚನ ಸಿದ್ಧವಾಗಿರುತ್ತದೆ.

ಅರಸರಿಗಾಗಿಯೂ ಎಲ್ಲ ಅಧಿಕಾರಸ್ಥರಿಗಾಗಿಯೂ ಪ್ರಾರ್ಥಿಸಬೇಕೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿದೆ. ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದಲ್ಲಿದೆ. ಪೌಲನು ಇದನ್ನು ಬರೆದಾಗ ರೋಮಿನ ಸಿಂಹಾಸನದ ಮೇಲಿದ್ದವನು ನೀರೋ. ಆ ಪ್ರಾರ್ಥನೆ ಒಳ್ಳೆಯ ದೊರೆಗೆ ಕೊಡುವ ಬಹುಮಾನವಲ್ಲ. ದೊರೆಯೂ ದೇವರಿಗೆ ಲೆಕ್ಕ ಒಪ್ಪಿಸಬೇಕಾದ ಮನುಷ್ಯ ಎಂಬ ನಂಬಿಕೆ ಅದರ ಬುಡದಲ್ಲಿದೆ. ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವನನ್ನು ದೇವರೆಂದುಕೊಳ್ಳಲು ಸಾಧ್ಯವಿಲ್ಲ. ನೀರೋನಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ಬೇರೆ ಬೇಕಿರಲಿಲ್ಲ.

ಆ 13ನೇ ಅಧ್ಯಾಯದಿಂದ ಎಷ್ಟು ಬಾಯಿಗಳನ್ನು ಮುಚ್ಚಿಸಿದ್ದಾರೆಂದು ನೆನೆದರೆ ನನಗೆ ಸಂಕಟವಾಗುತ್ತದೆ. ಹಿಟ್ಲರನ ಜರ್ಮನಿಯಲ್ಲಿ ಅದನ್ನೇ ಓದಿ ಎಷ್ಟೋ ಸಭಾಪಾಲಕರು ತಲೆಬಾಗಿದರು. 1934ರ ಮೇ ಕೊನೆಯಲ್ಲಿ ಬಾರ್ಮೆನ್ ಎಂಬಲ್ಲಿ ಸೇರಿದ ಕೆಲವರು ಮಾತ್ರ, ನ್ಯಾಯವನ್ನೂ ಶಾಂತಿಯನ್ನೂ ಕಾಯುವುದಷ್ಟೇ ಸರ್ಕಾರದ ಕೆಲಸ, ಮನುಷ್ಯನ ಇಡೀ ಬಾಳಿಗೆ ತಾನೇ ಒಡೆಯನೆನ್ನುವ ಹಕ್ಕು ಅದಕ್ಕಿಲ್ಲ ಎಂದು ಘೋಷಿಸಿದರು. ಆ ಘೋಷಣೆಯ ಬಹುಭಾಗವನ್ನು ಬರೆದವರು ಕಾರ್ಲ್ ಬಾರ್ತ್. ಹಿಟ್ಲರನಿಗೆ ಬೇಷರತ್ತಾಗಿ ಪ್ರಮಾಣ ಮಾಡಲು ಒಪ್ಪದೆ ಬಾನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು 1935ರಲ್ಲಿ ತಮ್ಮ ಹುಟ್ಟೂರು ಬಾಸೆಲ್‌ಗೆ ಮರಳಿದರು. 1834ರಲ್ಲಿ ನಮ್ಮ ಮಂಗಳೂರಿಗೆ ಬಂದಿಳಿದ, ನಮ್ಮ ಹಿರಿಯರಿಗೆ ಸುವಾರ್ತೆಯನ್ನೂ ಶಾಲೆಯನ್ನೂ ಮಗ್ಗವನ್ನೂ ಹೆಂಚನ್ನೂ ಕೊಟ್ಟ ಮಿಶನರಿಗಳು ಹೊರಟದ್ದು ಅದೇ ಊರಿಂದ. ಆ ಪರಂಪರೆಯ ಸಭೆಯಲ್ಲಿ ನಿಂತಿರುವ ನನಗೆ ಬಾರ್ತ್ ದೂರದವರೆನಿಸುವುದಿಲ್ಲ.

ಆದರೆ ಬಾರ್ಮೆನ್ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಮಾತೂ ಇಲ್ಲ. ಅದು ತಮ್ಮ ತಪ್ಪೆಂದು ಬಾರ್ತ್ ವಯಸ್ಸಾದ ಮೇಲೆ ಒಪ್ಪಿಕೊಂಡರು. ಸಭೆಯ ಹಕ್ಕಿಗಾಗಿ ಸಭೆ ಎದ್ದು ನಿಂತಿತ್ತು, ನೆರೆಯವನಿಗಾಗಿ ಏಳಲಿಲ್ಲ. ಇದು ನನ್ನ ಮನಸ್ಸನ್ನು ಇರಿಯುತ್ತದೆ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರದ ಮೇಲಿನ ಕಾಯ್ದೆ ಬಂದಾಗ ನಾವು ಕ್ರೈಸ್ತರು ಮನವಿ ಕೊಟ್ಟೆವು, ದನಿ ಎತ್ತಿದೆವು. ಎತ್ತಲೇಬೇಕಿತ್ತು. ಮ್ಯಾನ್‌ಹೋಲಿನಲ್ಲಿ ಉಸಿರುಕಟ್ಟಿ ಪೌರಕಾರ್ಮಿಕರು ಸತ್ತಾಗ ಅದೇ ದನಿ ನಮ್ಮ ಗಂಟಲಲ್ಲಿ ಇತ್ತೇ?

ಇಲ್ಲಿಯದೇ ಇನ್ನೊಂದು ಲೆಕ್ಕವೂ ಬಾಕಿಯಿದೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. 1977ರ ಮಾರ್ಚ್ 21ರವರೆಗೆ ಇತ್ತು. ಆ ಹೊತ್ತಿನಲ್ಲಿ ನಮ್ಮ ಸಭೆಗಳ ಮುಖಂಡರಲ್ಲಿ ಹೆಚ್ಚಿನವರು ಸುಮ್ಮನಿದ್ದರು. ಕೇರಳದ ಮಾರ್ ತೋಮಾ ಸಭೆಯ ಮೆಟ್ರೊಪಾಲಿಟನ್ ಯೂಹಾನೋನ್ ಮಾರ್ ತೋಮಾ ಸುಮ್ಮನಿರಲಿಲ್ಲ. ನೇರವಾಗಿ ಇಂದಿರಾ ಗಾಂಧಿಯವರಿಗೇ ಪತ್ರ ಬರೆದು ವಿರೋಧ ತಿಳಿಸಿದರು. ಆ ಮುಪ್ಪಿನಲ್ಲಿ ಅವರಿಗೆ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ. 1976ರಲ್ಲಿ, ತುರ್ತು ಪರಿಸ್ಥಿತಿ ಮುಗಿಯುವ ಮೊದಲೇ ಕಣ್ಮುಚ್ಚಿದರು.

ಅದೇ 1976ರಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. 'ಸಂಸ್ಕಾರ' ಚಿತ್ರದ ಚಂದ್ರಿಯನ್ನು ಕನ್ನಡಿಗರು ಮರೆತಿಲ್ಲ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಆಕೆಗೆ ಆಸ್ತಮಾ ಇತ್ತು. ಎಂಟು ತಿಂಗಳು ಸೆರೆಯಲ್ಲಿಟ್ಟು 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ಆಕೆ ತೀರಿಕೊಂಡರು. ಆ ಎಂಟು ತಿಂಗಳಲ್ಲಿ ಬೆಂಗಳೂರಿನ ದೇವಾಲಯಗಳಲ್ಲಿ ಪ್ರತಿ ಭಾನುವಾರ ಆಳುವವರಿಗಾಗಿ ಪ್ರಾರ್ಥನೆ ನಡೆದಿರುತ್ತದೆ. ನಡೆಯಬೇಕಾದದ್ದೇ. ಆದರೆ ಅಂಥ ಪ್ರಾರ್ಥನೆ ಮುಗಿಸಿದವನು ಎದ್ದು ಆಳುವವರ ಬಾಗಿಲಿಗೆ ಹೋಗದಿದ್ದರೆ ಪ್ರಾರ್ಥನೆ ಅರ್ಧಕ್ಕೇ ನಿಂತಂತೆ.

ಹೋದವರಲ್ಲಿ ನನಗೆ ಬಲು ಹತ್ತಿರದವನು ದಾವೀದ. ಅರಸನಾಗುವ ಮುಂಚಿನ ದಾವೀದ. ಅರಸ ಸೌಲನು ಕೊಲ್ಲಲು ಅಟ್ಟಿಸಿಕೊಂಡು ಬಂದಾಗ ಏಂಗೆದಿಯ ಗವಿಯೊಳಗೆ ಅಡಗಿದ್ದ. ಆ ಗವಿಗೇ ಸೌಲ ಒಬ್ಬಂಟಿಯಾಗಿ ಬಂದ. ಕೊಂದುಬಿಡು ಎಂದು ಜೊತೆಯವರು ಪಿಸುಗುಟ್ಟಿದರು. ದಾವೀದ ಕತ್ತಲಲ್ಲಿ ತೆವಳಿ ಹೋಗಿ ಅರಸನ ನಿಲುವಂಗಿಯ ಅಂಚನ್ನು ಕತ್ತರಿಸಿಕೊಂಡು ಬಂದ, ಅಷ್ಟೇ. ಅಷ್ಟಕ್ಕೇ ಅವನ ಎದೆ ಹೊಡೆದುಕೊಂಡಿತು. ಕೊಲ್ಲಲು ಬಂದವನ ಬಟ್ಟೆಯ ಒಂದು ತುಂಡಿಗೆ ಇಷ್ಟು ನೊಂದುಕೊಳ್ಳುವವನು ಇದ್ದಾನೆಯೇ ಎಂದು ಪ್ರತಿ ಸಲ ಓದುವಾಗಲೂ ಬೆರಗಾಗುತ್ತೇನೆ. ಅರಸ ಎಂಥವನೇ ಆಗಲಿ, ಅವನನ್ನು ಹೀನೈಸಿದರೆ ನಾನೂ ಹೀನನಾಗುತ್ತೇನೆ ಎಂದು ಆ ಹುಡುಗನಿಗೆ ಗೊತ್ತಿತ್ತು.

ಅಧೀನರಾಗಿರಿ ಎನ್ನುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದನ್ನು ಓದಬೇಕು. ಸೌಲ ಹೊರಟ ಮೇಲೆ ದಾವೀದ ಗವಿಯಿಂದ ಹೊರಗೆ ಬಂದ. ಸುಮ್ಮನೆ ಅಡಗಿದ್ದರೆ ಜೀವ ಉಳಿಯುತ್ತಿತ್ತು. ಅವನು ಬಯಲಿಗೆ ಬಂದು, ಒಡೆಯನೇ ಎಂದು ಕೂಗಿ ಕರೆದು, ನೆಲಕ್ಕೆ ಬಾಗಿ ನಮಸ್ಕರಿಸಿ, ಆ ಬಟ್ಟೆಯ ತುಂಡನ್ನು ಎತ್ತಿ ತೋರಿಸಿ, ನೀನು ನನಗೆ ಮಾಡುತ್ತಿರುವುದು ಅನ್ಯಾಯ, ನಮ್ಮಿಬ್ಬರಿಗೂ ನ್ಯಾಯಾಧಿಪತಿ ದೇವರು ಎಂದ. ಸೌಲ ಅತ್ತ.

ಅದೇ ದಾವೀದ ಅರಸನಾಗಿ ಊರೀಯನ ಹೆಂಡತಿ ಬತ್ಷೆಬೆಯನ್ನು ತಂದು, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದಾಗ ಪ್ರವಾದಿ ನಾತಾನ ಅರಮನೆಗೇ ಹೋದ. ಬಡವನ ಒಂದೇ ಕುರಿಮರಿಯ ಕಥೆ ಹೇಳಿ, ಆ ಮನುಷ್ಯ ನೀನೇ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ. ಆಮೇಲೆ ಬತ್ಷೆಬೆಯಲ್ಲಿ ಹುಟ್ಟಿದ ಮಕ್ಕಳಲ್ಲೊಬ್ಬನಿಗೆ ದಾವೀದ ಇಟ್ಟ ಹೆಸರು ನಾತಾನ. ಪ್ರವಾದಿಯ ನೆನಪಿಗೇ ಇಟ್ಟನೆಂದು ಸತ್ಯವೇದ ಹೇಳುವುದಿಲ್ಲ. ಹಾಗೆಂದು ನಂಬುವುದು ನನಗೆ ಇಷ್ಟ.

ಪೌಲನೂ ಒಂದು ಸಲ ತಪ್ಪಿದ. ನ್ಯಾಯಸಭೆಯಲ್ಲಿ ಅವನ ಬಾಯಿಗೆ ಹೊಡೆಯಲು ಮಹಾಯಾಜಕ ಹೇಳಿದಾಗ, ಸುಣ್ಣ ಬಳಿದ ಗೋಡೆ ಎಂದು ಬೈದುಬಿಟ್ಟ. ಬೈಸಿಕೊಂಡವನು ಯಾರೆಂದು ತಿಳಿದ ಕೂಡಲೇ, ಜನರ ಅಧಿಪತಿಯನ್ನು ದೂಷಿಸಬಾರದೆಂಬ ಧರ್ಮಶಾಸ್ತ್ರದ ಮಾತನ್ನು ತಾನೇ ಎತ್ತಿ ಹೇಳಿದ. ಆದರೆ ತನಗೆ ಆದದ್ದು ಅನ್ಯಾಯವೆಂಬ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಬೈಗುಳಕ್ಕೂ ಖಂಡನೆಗೂ ನಡುವಿನ ಗೆರೆ ನನಗೆ ಕಂಡದ್ದು ಇಲ್ಲಿ. ಇವತ್ತು ಮೊಬೈಲಿನಲ್ಲಿ ನಾಯಕರ ಮುಖಕ್ಕೆ ಪ್ರಾಣಿಯ ಮೂತಿ ಅಂಟಿಸಿ ಹಂಚುವವರಲ್ಲಿ ನಮ್ಮ ಯುವಕರೂ ಇದ್ದಾರೆ. ಅದರಿಂದ ಯಾವ ಅರಸನೂ ಅತ್ತದ್ದಿಲ್ಲ.

ನನ್ನ ಹೆಂಡತಿಯ ಮಾತು ತಿಂಗಳುಗಟ್ಟಲೆ ನನ್ನನ್ನು ಬಿಡಲಿಲ್ಲ. ಮೂರು ಭಾನುವಾರ ಶಾಸಕರ ಹೆಸರು ಬಂದಾಗ ಪ್ರಾರ್ಥನೆ ಬಾಯಿಗೆ ಬಾರದೆ ತಡವರಿಸಿದೆ. ನಾಲ್ಕನೆಯದರ ಮರುದಿನ ಬೆಳಿಗ್ಗೆ ಆರೂವರೆಗೆ ಅವರ ಮನೆ ಮುಂದಿನ ಸಾಲಿನಲ್ಲಿ ನಿಂತೆ. ವರ್ಗಾವಣೆಯ ಪತ್ರ ಹಿಡಿದವರು, ಆಸ್ಪತ್ರೆಯ ಬಿಲ್ ಹಿಡಿದವರು, ಮಗನಿಗೆ ಸೀಟು ಕೇಳುವವರು ಮುಂದಿದ್ದರು. ನನ್ನ ಸರದಿ ಬಂದಾಗ ಹೊತ್ತೇರಿತ್ತು.

ಸ್ಮಶಾನದ ದಾರಿಯ ಮಾತು ಎತ್ತಿದೆ. ಪೆಟ್ಟಿಗೆ ಕೆಸರಿಗೆ ಬಿದ್ದದ್ದು, ಆ ತಾಯಿ ಸೆರಗಿನಿಂದ ಒರೆಸಿದ್ದು ಹೇಳಿದೆ. ಎರಡು ಸಲ ಕೊಟ್ಟ ಮಾತು ನೆನಪಿಸಿದೆ. ಕಂಡದ್ದು ಆಡಿದರೆ ಕೆಂಡದಂಥ ಕೋಪ ಎನ್ನುತ್ತಾರೆ; ಅವರ ಮುಖ ಕೆಂಪಾಯಿತು.

"ಅವತ್ತ ಬಡವರ ಬಂಧು ಅಂದ್ರಿ, ಇವತ್ತ ಹಿಂಗಂತೀರಿ?"

"ಅವತ್ತ ನಾ ಹಂಗ ಅಂದಿದ್ದು ತಪ್ಪಾತ್ರಿ ಸಾಹೇಬ್ರ. ಅದಕ್ಕ ಕ್ಷಮಾ ಕೇಳಾಕೂ ಬಂದೀನಿ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ಮಿಶನ್ ಸಾಲ್ಯಾಗ ಕಲತಾಂವ, ಅಯ್ಯನವರ. ಅಧಿಕಾರದಾಗ ಇದ್ದವರಿಗೆ ತಗ್ಗಿ ನಡೀರಿ ಅಂತ ನಿಮ್ಮ ಪುಸ್ತಕದಾಗ ಐತಲ್ಲ?" ಎಂದರು.

"ಐತ್ರಿ. ಅಧಿಕಾರದಾಗ ಇದ್ದವರು ದೇವರ ಸೇವಕರು ಅಂತನೂ ಅದೇ ಅಧ್ಯಾಯದಾಗ ಐತಿ. ಆ ಸೇವಕರ ಹತ್ರ ಬಂದೀನಿ."

ನಿಮಗಾಗಿ ಪ್ರಾರ್ಥನೆ ಮಾಡಲೇ ಎಂದು ಕೇಳಿದೆ. ಬೇಡವೆನ್ನಲಿಲ್ಲ, ಎದ್ದು ನಿಂತು ಕೈ ಜೋಡಿಸಿದರು. ಅವರ ಹೆಸರು ಹೇಳಿ ಪ್ರಾರ್ಥಿಸಿದೆ. ಆವತ್ತು ನಾಲಗೆ ತಡವರಿಸಲಿಲ್ಲ. ಕಳಿಸಿಕೊಡುವಾಗ "ನೋಡೋಣ" ಎಂದರು.

ನಮ್ಮ ಸಭೆಗಳ ಹಿರಿಯರಲ್ಲಿ, ನನ್ನ ಜೊತೆಯ ಸಭಾಪಾಲಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಡಿಸೆಂಬರಿನಲ್ಲಿ ನೀವು ನಾಯಕರನ್ನು ಕರೆದರೆ ಶಾಲು ಹೊದಿಸಿ, ಅದು ನಮ್ಮ ನಾಡಿನ ಮರ್ಯಾದೆ. ಇಲ್ಲದ ಬಿರುದನ್ನು ಮಾತ್ರ ಕೊಡಬೇಡಿ. ಒಂದು ವಾರ ಮೊದಲೇ ಅವರ ಮನೆಗೆ ಹೋಗಿ ಹೇಳಬೇಕಾದ್ದನ್ನು ಹೇಳಿ ಬನ್ನಿ. ನಿಮ್ಮ ಸಭೆಯ ಕಷ್ಟದ ಜೊತೆಗೆ ಪಕ್ಕದ ಓಣಿಯ ಕಷ್ಟವನ್ನೂ ಒಯ್ಯಿರಿ.

ಹಳ್ಳಕ್ಕೆ ಎರಡು ಸಿಮೆಂಟ್ ಕೊಳವೆ ಬಂದವು, ಮೇಲೆ ಕಡಿ ಬಿತ್ತು. ಅಷ್ಟರಲ್ಲಿ ಚುನಾವಣೆ ಬಂದು ಅವರು ಸೋತರು. ಹೊಸಬರ ಮನೆಗೆ ಎರಡು ಸಲ ಹೋಗಿ ಬಂದಿದ್ದೇನೆ. ಹಳ್ಳದಿಂದ ಆಚೆಗಿನ ದಾರಿ ಇನ್ನೂ ಎರೆಮಣ್ಣೇ. ಹೋದ ಸೆಪ್ಟೆಂಬರಿನಲ್ಲಿ ಆ ತಾಯಿಯೂ ತೀರಿಕೊಂಡರು. ಮಳೆ ಹಿಡಿದಿತ್ತು. ಪೆಟ್ಟಿಗೆಯನ್ನು ನಾಲ್ವರ ಬದಲು ಎಂಟು ಜನ ಹೊತ್ತರು. ಅವರಲ್ಲಿ ಮೂವರು ಪೌರಕಾರ್ಮಿಕರ ಓಣಿಯ ಹುಡುಗರು.