ಯಾವ ಹುತ್ತದ್ದು?

ಆರಿದ್ರಾ ಮಳೆ ಗುಡುಗು ಸಮೇತ ಬಂತೆಂದರೆ ರಾಜೋಳಿಯಲ್ಲಿ ಮಗ್ಗದ ಸದ್ದು ಸ್ವಲ್ಪ ತಗ್ಗುತ್ತದೆ. ಗುಂಡಿಮಗ್ಗಕ್ಕೆ ತೇವ ಏರಿದೆ, ನೂಲು ಮಾತು ಕೇಳುತ್ತಿಲ್ಲ ಎಂಬುದು ಹೇಳಿಕೊಳ್ಳುವ ಕಾರಣ. ಹೇಳಿಕೊಳ್ಳದ ಕಾರಣ, ಹೊಲದ ಬದುವಿನ ಹುತ್ತಗಳಲ್ಲಿ ಅಣಬೆ ಎದ್ದಿರುತ್ತವೆ. ತುಂಗಭದ್ರೆಯ ದಂಡೆಯ ಈ ಊರು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಆಮೇಲೆ ಮಹಬೂಬನಗರಕ್ಕೆ ಹೋಯಿತು, 2016ರಿಂದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿದೆ. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜಿ ‘ಅಣಬಿ’ ಅಂದರೆ ಸೊಸೆ ‘ಪುಟ್ಟಗೊಡುಗು’ ಅನ್ನುತ್ತಾಳೆ. ಒಲೆಯ ಮೇಲಿನ ಗಡಿಗೆಗೆ ಎರಡೂ ಭಾಷೆ ಬರುತ್ತದೆ.

ಗುಡುಗಿಗೂ ಅಣಬೆಗೂ ನಂಟಿದೆ ಎನ್ನುವುದನ್ನು ನಾವು ಮುದುಕಿಯರ ಮಾತೆಂದು ನಕ್ಕು ಬಿಡುತ್ತಿದ್ದೆವು. ಜಪಾನಿನಲ್ಲೂ ಇದೇ ನಂಬಿಕೆಯಿದೆಯಂತೆ. ಅಲ್ಲಿನ ಇವಾತೆ ವಿಶ್ವವಿದ್ಯಾಲಯದವರು ಅಣಬೆ ಬೆಳೆಯುವ ಮರದ ತುಂಡುಗಳಿಗೆ ಕೃತಕ ಸಿಡಿಲಿನಂತೆ ಕ್ಷಣಮಾತ್ರ ವಿದ್ಯುತ್ ಹಾಯಿಸಿ ನೋಡಿದರು. ಕೆಲವು ಜಾತಿಗಳಲ್ಲಿ ಫಸಲು ಹೆಚ್ಚಿತು. ಇದನ್ನು ನಮ್ಮ ದೊಡ್ಡವ್ವನಿಗೆ ಹೇಳಿದರೆ, “ಅಷ್ಟಕ್ಕ ಕರೆಂಟ್ ಯಾಕ ಸುಟ್ರು? ನನ್ನ ಕೇಳಿದ್ರ ಹೇಳ್ತಿದ್ದೆ” ಅಂದಳು.

ಈ ದೊಡ್ಡವ್ವನನ್ನು ಊರವರು ಅಣಬೆ ಪಂಡಿತೆ ಎಂದೇ ತಿಳಿದಿದ್ದಾರೆ. ಒಮ್ಮೆ ಹೈದರಾಬಾದಿನಿಂದ ಬಂದ ಮೊಮ್ಮಗ ಬುಟ್ಟಿ ತುಂಬ ಬಿಳಿ ಕೊಡೆಗಳನ್ನು ತಂದು ಮುಂದಿಟ್ಟ. ಮೊಬೈಲಿನ ಆ್ಯಪ್ ಶೇಕಡಾ ಎಂಬತ್ತರ ಮೇಲೆ ಭರವಸೆ ಕೊಟ್ಟಿತ್ತು.

“ಎಲ್ಲಿವು ಇವು?”

“ಸಾಲಿ ಮುಂದಿನ ಹುಲ್ಲಾಗ, ಅಜ್ಜಿ.”

“ಹುಲ್ಲಾಗಿನ್ವು ನನಗ ಗೊತ್ತಿಲ್ಲಪಾ. ನನಗ ನನ್ನ ಹುತ್ತದ್ವು ಗೊತ್ತು.”

ಹುಡುಗನಿಗೆ ನಿರಾಶೆಯಾಯಿತು. ಪಂಡಿತೆಯ ವಿದ್ಯೆ ಒಂದೇ ಜಾತಿಗೆ ಮುಗಿಯಿತಲ್ಲ! ನನಗಾದರೋ, ಗೊತ್ತಿಲ್ಲ ಎನ್ನಲು ಅರೆಗಳಿಗೆಯೂ ತಡಮಾಡದ ಆ ಬಾಯಿಯೇ ಅವಳು ಇಷ್ಟು ವರ್ಷ ಬದುಕಿರುವುದಕ್ಕೆ ಕಾರಣವೆನಿಸಿತು. ಆ್ಯಪ್ಪಿಗೆ ಆ ಬಾಯಿಲ್ಲ. ಅದು ನೋಡುವುದು ಟೊಪ್ಪಿಗೆಯನ್ನು. ದೊಡ್ಡವ್ವ ನೋಡುವುದು ಮಣ್ಣೊಳಗೆ. ಬುಡದ ಸುತ್ತ ಕಡ್ಡಿಯಿಂದ ಕೆದರಿ, ಕೈಯಿಟ್ಟು ದಂಟಿನ ಗುಂಟ ಕೆಳಗೆ ಹೋಗುತ್ತಾಳೆ. ಹುತ್ತದ ಅಣಬೆಯ ದಂಟು ನೆಲಮಟ್ಟಕ್ಕೆ ನಿಲ್ಲುವುದಿಲ್ಲ, ಬೇರಿನಂತೆ ಸಪೂರವಾಗುತ್ತ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಟೊಪ್ಪಿಗೆಯ ನಡುವೆ ಗಟ್ಟಿ ಮೊನೆ, ಬಿರುಸು ಮಣ್ಣನ್ನು ತೂರಿ ಬರಲು. ಒಳಗೆ ಗೆದ್ದಲುಗಳದ್ದೇ ಒಕ್ಕಲುತನ: ಅಗಿದು ತಂದ ಕಸಕಡ್ಡಿಯ ಮೇಲೆ ಶಿಲೀಂಧ್ರ ಬೆಳೆಸುತ್ತವೆ, ಕಟ್ಟಿಗೆಯ ನಾರನ್ನು ಅದು ಕರಗಿಸಿ ಕೊಟ್ಟಮೇಲೆ ಉಣ್ಣುತ್ತವೆ. 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟ. ಶೆಡ್ಡಿನಲ್ಲಿ ಚೀಲ ತೂಗುಹಾಕಿ ಬೆಳೆಯುವ ಚಿಪ್ಪಣಬೆಯಂತೆ ಇದು ಮನುಷ್ಯನ ಕೈಗೆ ಸುಲಭಕ್ಕೆ ಬಗ್ಗಲಿಲ್ಲ. ಆದ್ದರಿಂದಲೇ ಯಾವ ಹುತ್ತ ಎಂದು ಕೇಳಿದರೆ ಊರಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಡ್ಡಿ ಲೆಕ್ಕವನ್ನಾದರೂ ಹೇಳಿಯಾರು.

ಹಾಗಂತ ಹುತ್ತದ ಮೇಲೆ ಎದ್ದದ್ದೆಲ್ಲ ಅದೇ ಅಲ್ಲ. ಟೊಪ್ಪಿಗೆ ಬಿಚ್ಚದೆ ಮೊಟ್ಟೆಯಂತೆ ಮುಚ್ಚಿಕೊಂಡೇ ಇರುವ ಪೊಡ್ಯಾಕ್ಸಿಸ್ ಎಂಬುದೂ ಒಣ ಸೀಮೆಯ ಹುತ್ತಗಳಲ್ಲಿ ಏಳುತ್ತದೆ. ಬಲಿತದ್ದನ್ನು ಸೀಳಿದರೆ ಕೈತುಂಬ ಕಪ್ಪು ಹುಡಿ.

ಮೊಮ್ಮಗನ ಬುಟ್ಟಿಗೆ ಬರೋಣ. ಎರಡು ಟೊಪ್ಪಿಗೆ ತೆಗೆದುಕೊಂಡೆವು, ಒಂದು ಅವನದು, ಒಂದು ದೊಡ್ಡವ್ವನದು. ದಂಟು ಕೊಯ್ದು ಕಾಗದದ ಮೇಲೆ ಬೋರಲಿಟ್ಟು ಸ್ಟೀಲ್ ಬಟ್ಟಲು ಮುಚ್ಚಿದೆವು. ಬೆಳಗಾಗುವುದರೊಳಗೆ ಟೊಪ್ಪಿಗೆಯ ಅಡಿಯ ಪದರಗಳಿಂದ ಬೀಜಕಣ ಉದುರಿ ಗಾಲಿಯ ಕಡ್ಡಿಗಳಂಥ ಗೆರೆ ಮೂಡಿತ್ತು. ಪಕ್ಕದ ಮನೆಯ ನೇಕಾರ ಮಾವನನ್ನು ಕರೆದೆವು. ಜೀವಮಾನವೆಲ್ಲ ಗದ್ವಾಲ ಸೀರೆಯ ಅಂಚಿಗೆ ಬಣ್ಣ ಹೊಂದಿಸಿದ ಕಣ್ಣು ಅದು. ದೊಡ್ಡವ್ವನದನ್ನು ನೋಡಿ “ತಿಳಿ ಗುಲಾಬಿ, ಸ್ವಲ್ಪ ಕೆನಿ ಬೆರತದ” ಅಂದ. ಮೊಮ್ಮಗನದಕ್ಕೆ ಬಾಗಿ, ಕಿಟಕಿಯ ಬೆಳಕಿಗೆ ಹಿಡಿದು, “ಇದು ಹಸರು. ಮಾಸಿದ ಹಸರು” ಅಂದ. ಮುಗಿಯಿತು ಪಂಚಾಯಿತಿ. ಹಸಿರು ಕಣ ಉದುರಿಸುವ ಹುಲ್ಲುಹಾಸಿನ ಬಿಳಿ ಕೊಡೆ ಕ್ಲೋರೊಫಿಲಮ್ ಮೊಲಿಬ್ಡೈಟಿಸ್. ತಿಂದ ಕೆಲವೇ ತಾಸಿನಲ್ಲಿ ವಾಂತಿ, ಭೇದಿ. ಎಳೆಯದರ ಅಡಿಪದರವೂ ಬೆಳ್ಳಗೇ ಇರುವುದರಿಂದ ಬರೀ ಕಣ್ಣಿಗೆ ಮೋಸ ಖಂಡಿತ. ಇನ್ನೊಂದು ಮಾತು: ಗುಲಾಬಿ ಬಂತೆಂದು ತಿನ್ನಲು ಪರವಾನಗಿ ಸಿಕ್ಕಂತಲ್ಲ, ಗುಲಾಬಿ ಕಣದ ವಿಷದವೂ ಇವೆ. ಬಣ್ಣದಿಂದ ಬೇಡವೆನ್ನಬಹುದೇ ಹೊರತು ಬೇಕೆನ್ನಲಾಗದು.

ಹುಲ್ಲಿನ ಬಣವೆಯಲ್ಲಿ ಏಳುವ ಭತ್ತದ ಹುಲ್ಲಣಬೆಯದು ಇನ್ನೂ ಘೋರ ಕಥೆ. ಅದು ತಿನ್ನುವಂಥದ್ದೇ, ಆದರೆ ಅದರ ಬುಡದಲ್ಲೊಂದು ಚೀಲವಿದೆ. ಡೆತ್ ಕ್ಯಾಪ್ ಎಂಬ ಕೊಲೆಗಡುಕನ ಬುಡದಲ್ಲೂ ಇದೆ. ಲಾವೋಸಿನಿಂದ ಅಮೆರಿಕಕ್ಕೆ ವಲಸೆ ಹೋದವರು ಊರಿನ ಅಣಬೆಯೇ ಸಿಕ್ಕಿತೆಂದು ಈ ಎರಡನೆಯದನ್ನು ಬೇಯಿಸಿ ತಿಂದು ವಿಷಕ್ಕೆ ತುತ್ತಾಗಿದ್ದಾರೆ. ಅವರು ದಡ್ಡರಾಗಿರಲಿಲ್ಲ. ಅವರ ತಿಳಿವಳಿಕೆ ಲಾವೋಸಿನ ಮಣ್ಣಿನದಾಗಿತ್ತು, ಅಷ್ಟೆ. ಈ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದ ಆರು ತಾಸಿನ ಮೇಲೆ, ಎಷ್ಟೋ ಸಲ ಹನ್ನೆರಡು ತಾಸಿಗೆ, ವಾಂತಿ ಶುರು. ಮಧ್ಯೆ ಗುಣವಾದಂತೆ ಕಂಡು ಆಮೇಲೆ ಯಕೃತ್ತು ಕೈಕೊಡುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು ಹನ್ನೆರಡಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಚಹಾ ತೋಟಗಳ ಕೂಲಿಯವರು. ಆಸ್ಪತ್ರೆಗೆ ಓಡುವವರು ಉಳಿದ ಅಣಬೆಯ ತುಂಡನ್ನೂ ಜೊತೆಗೆ ಒಯ್ಯಬೇಕು. ವೈದ್ಯರಿಗೆ ನಮ್ಮ ವರ್ಣನೆಗಿಂತ ಅದು ಮೇಲು.

ಇಷ್ಟಾದರೂ ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಸುರಕ್ಷಿತ, ಬೆಳ್ಳುಳ್ಳಿ ಬಣ್ಣ ಬಿಟ್ಟರೆ ಬೇಡ ಎಂಬ ಶಾಸ್ತ್ರಗಳು ಊರೂರು ಸುತ್ತುತ್ತಲೇ ಇವೆ. ಒಂದೂ ನಂಬಿಕೆಗೆ ಯೋಗ್ಯವಲ್ಲ. ಮನುಷ್ಯನನ್ನು ಕೊಲ್ಲುವುದನ್ನು ಹುಳ ಆರಾಮಾಗಿ ತಿಂದೀತು. ಬೆಳ್ಳಿ ಚಮಚದ ವಿಷಯ ಎತ್ತಿದಾಗ ದೊಡ್ಡವ್ವ, “ಬೆಳ್ಳಿ ಚಮಚ ಇದ್ದೋರು ಅಣಬಿ ಆರಿಸಾಕ ಯಾಕ ಬರ್ತಾರ?” ಎಂದು ಕೇಳಿ, ಹುಡುಗನ ಬುಟ್ಟಿಯನ್ನು ತಿಪ್ಪೆಗೆ ಸುರುವಿಸಿ, ತನ್ನವನ್ನು ಮಣ್ಣು ಹೋಗುವವರೆಗೆ ತೊಳೆದು ಒಲೆಗೆ ಏರಿಸಿದಳು. ಬೆಳ್ಳುಳ್ಳಿಯನ್ನೂ ಜಜ್ಜಿ ಹಾಕಿದಳು, ರುಚಿಗೆ.